ಬಿಪಿ ಪುಸ್ತಕದಲ್ಲಿ ಮನಸ್ಸಿಗೂ ಒಂದು ಸಾಲು

ನಮ್ಮ ಮನೆಯವರಿಗೆ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ದಿನವೇ ನಾನು ಒಂದು ನೋಟ್‌ಬುಕ್ ಶುರು ಮಾಡಿದೆ. ಬೆಳಗ್ಗೆ ಬಿಪಿ, ರಾತ್ರಿ ಬಿಪಿ, ತೂಕ, ಮಾತ್ರೆ ತಗೊಂಡಿದ್ದಕ್ಕೆ ಒಂದು ಟಿಕ್. ಅಂಕಿಗಳೆಲ್ಲ ಚೆನ್ನಾಗಿಯೇ ಇದ್ದವು. ಆದರೆ ಅವರು ತಟ್ಟೆ ಮುಂದೆ ಸುಮ್ನೆ ಕೂತಿರುತ್ತಿದ್ದರು. ಪೇಪರ್ ಮಡಿಕೆ ಬಿಚ್ಚದೆ ಸಂಜೆವರೆಗೂ ಹಾಗೇ ಬಿದ್ದಿರುತ್ತಿತ್ತು. ಸುಸ್ತಿರಬೇಕು ಅಂದುಕೊಂಡು ಎರಡು ತಿಂಗಳು ಕಳೆದುಬಿಟ್ಟೆ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. ಹೋದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದ ಹಾಗೆ, ದಾರಿಯೇ ಇಲ್ಲದ ಹಾಗೆ ಅನ್ನಿಸಿದೆಯಾ? ಇವರು ಎರಡಕ್ಕೂ ಹೌದು ಅಂದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಹೃದಯಾಘಾತ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದೇ ರೀತಿ, ಬಹಳ ದಿನ ಖಿನ್ನತೆ ಇದ್ದವರಿಗೆ ಹೃದಯದ ತೊಂದರೆಯೂ ಜಾಸ್ತಿ. ಚಿಂತೆ ಬಿಡದೆ ಕಾಡಿದರೆ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ, ಬಿಪಿ, ಶುಗರ್ ಏರುತ್ತವೆ, ನಿದ್ದೆ ಹಾಳಾಗುತ್ತದೆ. ಮನಸ್ಸು ಸೋತವರಿಗೆ ಮಾತ್ರೆ ನುಂಗುವುದೂ ಬೇಡ, ನಡೆಯುವುದೂ ಬೇಡ. ಅದಕ್ಕೇ ನಾನು ಹೇಳುವುದು, ಎರಡನ್ನೂ ಒಟ್ಟಿಗೇ ನೋಡಿಕೊಳ್ಳಿ.

ಅಡುಗೆಮನೆಯಲ್ಲಿ ಮೊದಲು ಕೈ ಹಾಕಬೇಕಾದ್ದು ಉಪ್ಪಿಗೆ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚುಕಮ್ಮಿ ಒಂದು ಟೀ ಚಮಚ, ತಲೆ ತಟ್ಟಿ ಅಳೆದದ್ದು. ಬೆಳಗ್ಗೆಯೇ ಮನೆಯಲ್ಲಿ ಎಷ್ಟು ಜನವೋ ಅಷ್ಟು ಚಮಚ ಉಪ್ಪನ್ನು ಒಂದು ಬಟ್ಟಲಿಗೆ ಹಾಕಿ. ಅದರಿಂದ ಮೂರನೇ ಒಂದು ಪಾಲು ವಾಪಸ್ ಡಬ್ಬಕ್ಕೆ ಹಾಕಿ. ಏಕೆಂದರೆ ಬ್ರೆಡ್, ಬಿಸ್ಕತ್ತು, ಸಾಸ್, ಪ್ಯಾಕೆಟ್ ತಿಂಡಿಗಳಲ್ಲಿ ಉಪ್ಪು ಮೊದಲೇ ಸೇರಿರುತ್ತದೆ. ಇಡೀ ದಿನದ ಅಡುಗೆ ಬಟ್ಟಲಲ್ಲಿ ಉಳಿದದ್ದರಲ್ಲೇ ಮುಗಿಯಬೇಕು. ಮೊದಲ ವಾರ ನಮ್ಮ ಬಟ್ಟಲು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು! ನಿಂಬೆಹಣ್ಣು, ಕಾಳುಮೆಣಸು, ಬೆಳ್ಳುಳ್ಳಿ ಜಾಸ್ತಿ ಮಾಡಿದೆ. ಕೆಲವು ವಾರಗಳಲ್ಲಿ ನಾಲಿಗೆ ತಾನೇ ಹೊಂದಿಕೊಂಡಿತು. ಒಂದು ಎಚ್ಚರ: 'ಕಡಿಮೆ ಸೋಡಿಯಂ ಉಪ್ಪು' ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಊಟ ಮನಸ್ಸಿಗೂ ಹತ್ತುತ್ತದಾ ಅಂತ ನನಗೂ ಅನುಮಾನ ಇತ್ತು. 2017ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನದ ವರದಿ ಬಂತು. ಖಿನ್ನತೆ ಇದ್ದ 67 ಜನರಲ್ಲಿ ಅರ್ಧದಷ್ಟು ಜನರಿಗೆ 12 ವಾರ ಊಟ ಸರಿಪಡಿಸಲು ನೆರವು ಕೊಟ್ಟರು, ಉಳಿದವರ ಜೊತೆ ಸ್ನೇಹದಿಂದ ಮಾತಾಡುತ್ತಾ ಕಾಲ ಕಳೆದರು. ಊಟ ಬದಲಿಸಿದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಖಿನ್ನತೆಯಿಂದ ಹೊರಬಂದರು, ಇನ್ನೊಂದು ಗುಂಪಿನಲ್ಲಿ 100ಕ್ಕೆ 8 ಜನ. ಚಿಕ್ಕ ಅಧ್ಯಯನ, ನಿಜ. ಆದರೆ ಅವರು ತಿಂದದ್ದು ತರಕಾರಿ, ಹಣ್ಣು, ಬೇಳೆಕಾಳು, ಪಾಲಿಶ್ ಮಾಡದ ಧಾನ್ಯ, ಬಾದಾಮಿ ಥರದ ಬೀಜಗಳು, ಮೀನು, ಆಲಿವ್ ಎಣ್ಣೆ. ಹೃದಯಕ್ಕೆ ಒಳ್ಳೆಯದು ಅಂತ ಹೇಳುವ ಊಟವೂ ಇದೇ ಅಲ್ವಾ? ತಟ್ಟೆಯ ಅರ್ಧ ಭಾಗ ತರಕಾರಿ ಇರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಬಿ12 ಕಡಿಮೆಯಾಗುವ ಸಂಭವ ಜಾಸ್ತಿ. ಅದು ಕಡಿಮೆಯಾದರೆ ಸುಸ್ತು, ಮರೆವು, ಬೇಸರ ಶುರುವಾಗಬಹುದು. ಹಾಗಂತ ಊಟ ಚೆನ್ನಾಗಿದೆ ಅಂತ ಮನಸ್ಸಿನ ಮಾತ್ರೆಯನ್ನಾಗಲಿ, ಹೃದಯದ ಮಾತ್ರೆಯನ್ನಾಗಲಿ ನೀವೇ ನಿಲ್ಲಿಸಬೇಡಿ.

ಇನ್ನು ತಪಾಸಣೆ. 40 ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ. ಶುಗರ್, ಕೊಲೆಸ್ಟ್ರಾಲ್ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರ್ ಹೇಳುತ್ತಾರೆ. ಅಪ್ಪ, ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ, ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ತಪ್ಪದೆ ಹೇಳಿ, ನೀವು ಬೇಗ ಶುರು ಮಾಡಬೇಕಾಗಬಹುದು. ಬೇಸರ, ಸುಸ್ತು ಬಿಡದೆ ಇದ್ದರೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಬೇಕಾ ಅಂತ ಕೇಳಿ. ಥೈರಾಯ್ಡ್ ನಿಧಾನವಾದರೆ ಮನಸ್ಸು ಮಂಕಾಗುತ್ತದೆ, ಕೆಟ್ಟ ಕೊಲೆಸ್ಟ್ರಾಲೂ ಏರುತ್ತದೆ.

ಮನೆಯಲ್ಲಿ ಬಿಪಿ ನೋಡುವಾಗ ಅವಸರ ಬೇಡ. ಒಂದು ಸಲ ಮೆಟ್ಟಿಲು ಹತ್ತಿ ಬಂದವಳೇ ಪಟ್ಟಿ ಕಟ್ಟಿಕೊಂಡೆ, 158 ತೋರಿಸಿತು. ಗಾಬರಿಯಾಯಿತು. ಐದು ನಿಮಿಷ ಕೂತು ನೋಡಿದರೆ 132. ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಕುರ್ಚಿಗೆ ಒರಗಿರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ.

ಎದೆ ಹಿಂಡಿದಂತಾದರೆ, ತೋಳಿಗೋ ದವಡೆಗೋ ಬೆನ್ನಿಗೋ ನೋವು ಹರಿದರೆ, ತಣ್ಣನೆ ಬೆವರು, ಉಸಿರುಕಟ್ಟು ಬಂದರೆ ಆಂಬುಲೆನ್ಸ್ ಕರೆಯಿರಿ. ಇದು ಗ್ಯಾಸ್, ಇದು ಗಾಬರಿ ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ಮನೆಯಲ್ಲಿ ಯಾರಾದರೂ ಬದುಕೇ ಬೇಡ ಅಂದರೆ ಅದೂ ಇಷ್ಟೇ ತುರ್ತು. ಅವರನ್ನು ಒಬ್ಬರೇ ಬಿಡಬೇಡಿ, ಆಗಲೇ ಸಹಾಯ ಕರೆಯಿರಿ.

ಈಗ ನಮ್ಮ ನೋಟ್‌ಬುಕ್ಕಿನಲ್ಲಿ ಬಿಪಿ ಪಕ್ಕ ಇನ್ನೊಂದು ಕಾಲಂ ಗೀಚಿದ್ದೇನೆ, 'ಇವತ್ತು ಮನಸ್ಸು' ಅಂತ. ಅದನ್ನು ನಾನು ತುಂಬುವುದಿಲ್ಲ, ಅವರೇ ಬರೆಯಬೇಕು. ಬಹಳ ದಿನ 'ಪರವಾಗಿಲ್ಲ' ಅಂತಲೇ ಇತ್ತು. ಡಾಕ್ಟರ್ ಕೊಟ್ಟ ಮಾತ್ರೆ, ಆಪ್ತಸಲಹೆ, ಸಂಜೆಯ ನಡಿಗೆ ಎಲ್ಲ ಸೇರಿ ಮೂರು ತಿಂಗಳಾಗಿತ್ತು. ಒಂದು ರಾತ್ರಿ ನೋಡಿದರೆ ಅಲ್ಲಿ ಪುಟ್ಟ ಅಕ್ಷರದಲ್ಲಿ ಬರೆದಿದ್ದರು: 'ಪೇಪರ್ ಪೂರ್ತಿ ಓದಿದೆ.'