ಆರನೇ ತಾರೀಖಿಗೇ ಕೇಳಿಬಿಡಿ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆಯ ಹಿಂದೆಯೇ ಎರಡು ಬಾಡಿಗೆ ಮನೆಗಳಿವೆ. ಮನೆಯವರು ತೀರಿಕೊಂಡ ಮೇಲೆ ನನ್ನ ಔಷಧಿ, ಗ್ಯಾಸು, ಕರೆಂಟ್ ಬಿಲ್ಲು ಎಲ್ಲ ಆ ಬಾಡಿಗೆಯಲ್ಲೇ ನಡೆಯುತ್ತವೆ. ಒಂದೆರಡು ಮನೆ ಇಟ್ಟುಕೊಂಡ ನಮ್ಮಂಥವರು ನಾಲ್ಕು ತಿಂಗಳ ಬಾಕಿ ತಡೆದುಕೊಳ್ಳಲಾರೆವು. ಅದಕ್ಕೇ ಹೇಳುತ್ತೇನೆ, ಐದನೇ ತಾರೀಖು ದಾಟಿದರೆ ಆರಕ್ಕೆ ಕೇಳಿಬಿಡಿ. ಸಂಕೋಚದಿಂದ ಒಂದು ತಿಂಗಳು ಬಿಟ್ಟರೆ, ಮುಂದಿನ ತಿಂಗಳು ಕೇಳುವಾಗ ದನಿಯಲ್ಲಿ ಸಿಟ್ಟು ಸೇರಿರುತ್ತದೆ. ಎರಡು ತಿಂಗಳದ್ದು ಒಟ್ಟಿಗೆ ಹೊಂದಿಸುವುದು ಅವರಿಗೂ ಕಷ್ಟ.

ಕೇಳುವಾಗ ಮೊದಲು ಪಗಾರ ಎಂದು ಬರುತ್ತದೆ ಎಂದು ವಿಚಾರಿಸಿ. ನಮ್ಮಲ್ಲಿದ್ದ ಒಬ್ಬ ಹುಡುಗ ಗುತ್ತಿಗೆ ನೌಕರ. "ಅಕ್ಕೋರೇ, ಪಗಾರ ಹನ್ನೆರಡಕ್ಕ ಆಗ್ತದ್ರಿ, ಐದಕ್ಕ ಎಲ್ಲಿಂದ ತರ್ಲಿ?" ಎಂದ. ಅವನ ತಾರೀಖನ್ನೇ ಹದಿನೈದಕ್ಕೆ ಬದಲಿಸಿದೆ, ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ಇನ್ನೊಂದು ಮನೆಯವರು ದಾಲ್ ಮಿಲ್ಲಿನಲ್ಲಿ ದುಡಿಯುವವರು, ಅವರಿಗೆ ವಾರದ ಬಟವಾಡೆ. ತಿಂಗಳ ಕೊನೆಗೆ 6,000 ರೂಪಾಯಿ ಕೈಯಲ್ಲಿ ಉಳಿಯುತ್ತಿರಲಿಲ್ಲ. ವಾರಕ್ಕೆ 1,500 ಕೊಡಿ ಎಂದೆ, ಸರಿಹೋಯಿತು. ತೊಗರಿ ಸುಗ್ಗಿ ಮುಗಿದು ಮಿಲ್ಲಿನ ಕೆಲಸ ಕಡಿಮೆಯಾದಾಗ ಅವರೇ ಮುಂಚೆ ಬಂದು ಹೇಳುತ್ತಾರೆ. ಹಾಗೆ ಮುಂಚಿತವಾಗಿ ಬಂದು ಹೇಳುವವರಿಗೆ ಹತ್ತು ದಿನ ಬಿಡಿ, ಇಪ್ಪತ್ತು ದಿನ ಕಾಯಬಹುದು. ನಿಮ್ಮ ಬಾಗಿಲ ಮುಂದೆ ಓಡಾಡುವುದನ್ನೇ ಬಿಟ್ಟು, ಫೋನು ಎತ್ತದವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು.

ಅಂಥವರೊಬ್ಬರು ನನಗೆ ಐದು ತಿಂಗಳು ಬಾಡಿಗೆ ಕೊಡಲಿಲ್ಲ. ಹಿಂದಿನದನ್ನೆಲ್ಲ ರೊಕ್ಕದಲ್ಲೇ ಇಸಿದುಕೊಂಡಿದ್ದೆ, ಪಾವತಿ, ಅಂದರೆ ರಸೀದಿ, ಕೊಟ್ಟಿರಲಿಲ್ಲ. ಕೊನೆಗೆ ಅವರು ಎರಡು ತಿಂಗಳದ್ದು ಕೊಟ್ಟಾಗಿದೆ ಎಂದರು, ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಈಗ ಹತ್ತು ರೂಪಾಯಿಯಾದರೂ ಪಾವತಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ರೊಕ್ಕವನ್ನು ಫೋನಿನಲ್ಲೇ ಹಾಕಿದರೆ ಇನ್ನೂ ಚೆನ್ನ. ಕರಾರು ಪತ್ರವನ್ನೂ ತಪ್ಪದೆ ಮಾಡಿಸಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆದ್ದರಿಂದಲೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಬಾಡಿಗೆಯ ತಾರೀಖು, ಡಿಪಾಜಿಟ್ಟು, ಕರೆಂಟ್ ಬಿಲ್ಲು ಯಾರದು, ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಎಲ್ಲ ಅದರಲ್ಲಿರಲಿ. ಮೂರನೇ ಬಾರಿ ಮಾತು ತಪ್ಪಿದರೆ ಕಾಗದದಲ್ಲಿ ಬರೆದು ಕೊಟ್ಟು, ನಕಲು ಇಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ವಕೀಲರ ನೋಟಿಸು.

ನಲ್ಲಿ ಬಂದ್ ಮಾಡುವುದು, ಫ್ಯೂಜು ಕೀಳುವುದು ಮಾತ್ರ ಬೇಡವೇ ಬೇಡ. ನಮ್ಮ ಊರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, ಒಳಗೆ ಕೂಸು ಇರುತ್ತದೆ, ಮುದುಕರಿರುತ್ತಾರೆ. ಕೋರ್ಟಿಗೆ ಹೋದರೂ ಆಗ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಬಾಡಿಗೆ ಏರಿಸುವುದರಲ್ಲಿ ನಾನು ಹೆಚ್ಚು ನಷ್ಟ ಉಂಡಿದ್ದೇನೆ. ಒಳ್ಳೆಯ ಮಂದಿ ಎಂದು ಐದು ವರ್ಷ ಒಂದು ರೂಪಾಯಿ ಏರಿಸದೆ, ಒಮ್ಮೆಲೇ 6,000 ಇದ್ದದ್ದನ್ನು 8,000 ಮಾಡಿದೆ. ಅವರು ಅಳುತ್ತಲೇ ಬಿಟ್ಟುಹೋದರು. ಮನೆ ಮೂರು ತಿಂಗಳು ಖಾಲಿ ಬಿತ್ತು, 18,000 ಹೋಯಿತು. ಹೊಸಬರು 8,000 ಕೊಟ್ಟರೂ ಆ ನಷ್ಟ ತುಂಬಲು ಒಂಬತ್ತು ತಿಂಗಳು ಬೇಕಾಯಿತು. ವರ್ಷಕ್ಕೆ ನೂರಕ್ಕೆ ಐದರಂತೆ ಏರಿಸಿದ್ದರೆ ಮೊದಲ ವರ್ಷ 300 ರೂಪಾಯಿ ಅಷ್ಟೇ, ಐದು ವರ್ಷಕ್ಕೆ ತಾನಾಗಿಯೇ 7,650ರ ಹತ್ತಿರ ಬರುತ್ತಿತ್ತು, ಯಾರಿಗೂ ನೋವಾಗುತ್ತಿರಲಿಲ್ಲ. ಈಗ ಅದನ್ನು ಕರಾರಿನಲ್ಲೇ ಬರೆಸುತ್ತೇನೆ.

ಏರಿಸುವ ಮಾತನ್ನು ನಾನು ಹೋಳಿ ಹುಣ್ಣಿಮೆ ಕಳೆದು, ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ತೆಗೆಯುತ್ತೇನೆ. ಒಪ್ಪಿಗೆಯಾಗದಿದ್ದರೆ ಬೇಸಿಗೆ ರಜೆಯಲ್ಲಿ ಬೇರೆ ಮನೆ ನೋಡಿಕೊಳ್ಳಲು ಅವರಿಗೆ ಸಮಯ ಇರುತ್ತದೆ. ಶಾಲೆ ಶುರುವಾದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾರು? ಅದಕ್ಕೂ ಮೊದಲು ಮನೆಯೊಳಗೆ ಒಂದು ಸುತ್ತು ಹೋಗಿ ನೋಡಿ. ಕಳೆದ ವರ್ಷ ನಾನು ಹೋದಾಗ ಬಚ್ಚಲಿನ ಪರಸಿ ಕಲ್ಲು ಅಲುಗಾಡುತ್ತಿತ್ತು, ನಲ್ಲಿ ಸೋರುತ್ತಿತ್ತು. ಎರಡನ್ನೂ ಸರಿ ಮಾಡಿಸಿ, ಮರುದಿನ ಏರಿಕೆಯ ಮಾತು ಹೇಳಿದೆ. "ಆಗ್ಲಿ ಬಿಡ್ರಿ ಅಕ್ಕೋರೇ," ಎಂದು ಆ ತಾಯಿ ಒಳಗೆ ಕರೆದು ಚಹಾ ಕೊಟ್ಟಳು.