ಕೌದಿ ಒಗೆಯುವ ಮುಂಚೆ ಮೂಡಣ ನೋಡ್ರಿ

ದಸರಾ ಹತ್ತಿರ ಬಂತಂದರೆ ನಮ್ಮ ಕುಷ್ಟಗಿ ಕಡೆ ಮನೆಯ ಕೌದಿಯೆಲ್ಲ ಹಳ್ಳಕ್ಕೆ ಹೊರಡುತ್ತವೆ. ನೀರು ಕುಡಿದ ಕೌದಿ ಎತ್ತಲು ಇಬ್ಬರು ಬೇಕು, ಒಣಗಲು ಎರಡು ಬಿಸಿಲು ಬೇಕು. ಅಂಗಳದಲ್ಲಿ ಶೇಂಗಾ ಹರವಿರುವುದೂ ಆಗಲೇ, ಹಸ್ತಿ, ಚಿತ್ತಿ ಮಳೆ ಬರುವುದೂ ಆಗಲೇ.

ಮುಂಗಾರಿನಲ್ಲಿ ಪಡುವಣ ನೋಡಿ ರೂಢಿಯಾದ ಕಣ್ಣನ್ನು ಈಗ ಮೂಡಣಕ್ಕೆ ತಿರುಗಿಸಬೇಕು. ಅಕ್ಟೋಬರಿನಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೋಡ ಆಂಧ್ರ ದಾಟಿ ಇತ್ತ ಬರುತ್ತದೆ. ಒಲೆಯ ಹೊಗೆ ಪಡುವಣಕ್ಕೆ ಬಾಗಿ, ಉಪ್ಪಿನ ಗಡಿಗೆಯೂ ಬೆವೆತಿತ್ತೋ, ಅವತ್ತು ನಾನು ಕೌದಿ ಮುಟ್ಟುವುದಿಲ್ಲ. ಗಾಳಿಯ ತೇವ ಮೊದಲು ಗೊತ್ತಾಗುವುದು ಉಪ್ಪಿಗೇ. ಚಂದ್ರನ ಸುತ್ತ ಉಂಗುರ ಕಂಡರೆ ಮಳೆ ಅನ್ನುತ್ತಾರೆ. ಅದು ಬಲು ಎತ್ತರದ ತೆಳು ಮೋಡದ ಆಟ, ನನಗಂತೂ ಎಷ್ಟೋ ಸಲ ಕೈಕೊಟ್ಟಿದೆ.

ಈ ಗುರುತೆಲ್ಲ ಅವತ್ತಿನ ಮಟ್ಟಿಗೆ. ಮೂರು ನಾಲ್ಕು ದಿನದ ಮಾತಿಗೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ನೋಡ್ರಿ. 2009ರಲ್ಲಿ ಅದನ್ನು ಕೇಳದೆ ಕೆಟ್ಟೆ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ, ರಾಯಚೂರು, ಬಳ್ಳಾರಿ ಕಡೆಯೂ ಊರೂರೇ ನೀರು. ನಮ್ಮದು ಆಗ ಮಣ್ಣಿನ ಮಾಳಿಗೆ. ಬೆಳಕಿಂಡಿಗೆ ಬೋಗಾಣಿ ಬೋರಲು ಹಾಕಿದೆ, ಗಾಳಿ ಅದನ್ನೂ ಒಯ್ದಿತು. ಹಿಂದಿನ ದಿನ ಒಗೆದಿದ್ದ ಏಳು ಕೌದಿ ಅಡುಗೆಮನೆಯಲ್ಲೇ ಮುಗ್ಗಿ ನಾತ ಹೊಡೆದವು.

ಚಿತ್ತಿ ಮಾತ್ರ ಕುರುಡು. ನಮ್ಮ ಓಣಿ ತೋಯ್ದರೆ ಆಚೆ ಓಣಿ ಒಣಗಿರುತ್ತದೆ. ಮುಂಜಾನೆ ಚುರುಕು ಬಿಸಿಲು, ಧಗೆ, ಮಧ್ಯಾಹ್ನಕ್ಕೆ ಹೂಕೋಸಿನಂತೆ ಮೇಲೇಳುವ ಮೋಡ ಕಂಡರೆ ಸಂಜೆಗೆ ಗುಡುಗು ಇದ್ದದ್ದೇ. ಮಿಂಚಿದ ಮೇಲೆ ಎಣಿಸ್ರಿ: ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಬಟ್ಟೆ ಹೋದರೆ ಹೋಗಲಿ, ಮಾಳಿಗೆ ಇಳೀರಿ. ಮೊಬೈಲಿನಲ್ಲಿ ‘ದಾಮಿನಿ’ ಹಾಕಿಕೊಂಡರೆ ಅದೂ ಸಿಡಿಲಿನ ಸುಳಿವು ಕೊಡುತ್ತದೆ.

ಮಳೆ ನಿಂತ ಕೂಡಲೇ ಶೇಂಗಾದ ಮೇಲಿನ ತಾಡಪತ್ರಿ ತೆಗೀರಿ, ಇಲ್ಲವಾದರೆ ಒಳಗೇ ಬೆವೆತು ಬೂಸು ಹಿಡಿಯುತ್ತದೆ, ಅಂಥ ಕಾಳು ಮಕ್ಕಳ ಬಾಯಿಗೆ ಬೇಡ. ಮತ್ತೆ ಎರಡು ಮೂರು ಬಿಸಿಲು ಕೊಟ್ಟು, ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಕಾಳು ಗಿಲಗಿಲ ಅಂದರೆ ಚೀಲ ತುಂಬ್ರಿ.