ಹಳದಿ ಹಚ್ಚುವ ಮೊದಲು

ಹೈಲೈಟರ್ ಅಂದರೆ ನನಗೆ ಅಕ್ಷರದ ಮೇಲೆ ಬಣ್ಣ ಹಚ್ಚುವ ಪೆನ್ನು. ಡೊಂಬಿವಲಿಯಲ್ಲಿ ಮೇಕಪ್ ಕೆಲಸ ಮಾಡುವ ನನ್ನ ಅಕ್ಕನ ಮಗಳಿಗೆ ಅದು ಕೆನ್ನೆಯ ಮೂಳೆಗೆ, ಮೂಗಿನ ಮೇಲೆ ಸವರುವ ಹೊಳಪಿನ ಪುಡಿ. ಎರಡಕ್ಕೂ ಮೂಲ ಒಂದೇ. ಚಿತ್ರ ಬರೆಯುವವರು ಬೆಳಕು ಬಿದ್ದು ಹೊಳೆಯುವ ಜಾಗಕ್ಕೆ ಹೈಲೈಟ್ ಅನ್ನುತ್ತಾರೆ. ಅವಳು ಆ ಪುಡಿಯನ್ನು ಇಡೀ ಮುಖಕ್ಕೆ ಬಳಿಯುವುದಿಲ್ಲ. ನಾನು ಮಾತ್ರ ಎಷ್ಟೋ ದಿನ ಇಡೀ ಪುಟಕ್ಕೆ ಬಳಿಯುತ್ತಿದ್ದೆ.

ಆಗ ಹಗಲು ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ಜೊತೆಗೆ ಬಿ.ಕಾಂ. ಓದು. ಲೋಕಲ್ ರೈಲಿನಲ್ಲಿ ಸೀಟ್ ಸಿಕ್ಕಿದ ದಿನ ಪುಸ್ತಕ ತೆಗೆಯುತ್ತಿದ್ದೆ. ಸಿಎಸ್‌ಎಂಟಿ ನಿಲ್ದಾಣ ಬರುವಷ್ಟರಲ್ಲಿ ನಾಲ್ಕು ಪುಟ ಹಳದಿ. ಓದಿದ್ದೇನೆ ಅನ್ನುವ ಸಮಾಧಾನ ಇರುತ್ತಿತ್ತು, ಪರೀಕ್ಷೆಯಲ್ಲಿ ನೆನಪಿಗೆ ಬರುತ್ತಿರಲಿಲ್ಲ.

ಆಮೇಲೆ ಕ್ರಮ ಬದಲಿಸಿದೆ. ಮೊದಲ ಓದಿಗೆ ಪೆನ್ನಿನ ಮುಚ್ಚಳ ತೆಗೆಯುವಂತಿಲ್ಲ. ಒಂದು ಭಾಗ ಮುಗಿದ ಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುವುದು. ಎಲ್ಲಿ ತಡವರಿಸಿದೆನೋ ಅಲ್ಲಿಗಷ್ಟೇ ಹಳದಿ. ಸವಕಳಿಯ, ಅಂದರೆ ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಸುವ ಲೆಕ್ಕದ ಪಾಠ ತಗೊಳ್ಳಿ. ಒಂದು ವಿಧಾನದಲ್ಲಿ ಪ್ರತಿ ವರ್ಷವೂ ಮೂಲ ಬೆಲೆಯ ಮೇಲೆ ಲೆಕ್ಕ, ಇನ್ನೊಂದರಲ್ಲಿ ಕಳೆದು ಉಳಿದ ಬೆಲೆಯ ಮೇಲೆ. ಎರಡು ಪುಟದ ಆ ಪಾಠದಲ್ಲಿ ನಾನು ಹಚ್ಚಿದ್ದು ‘ಮೂಲ’, ‘ಉಳಿದ’ ಅನ್ನುವ ಅರ್ಥದ ಎರಡೇ ಪದಗಳಿಗೆ. ಇವತ್ತಿಗೂ ಮರೆತಿಲ್ಲ.

2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು ಓದುವ 10 ವಿಧಾನಗಳನ್ನು ತೂಗಿ ನೋಡಿದ್ದರು. ಹೈಲೈಟ್ ಮಾಡುವುದನ್ನು ಕಡಿಮೆ ಉಪಯೋಗದ ಗುಂಪಿಗೆ ಹಾಕಿದರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ ಮೇಲಿನ ಸ್ಥಾನ ಕೊಟ್ಟರು. ಅದನ್ನು ಓದಿದಾಗ, ನನ್ನ ಪುಸ್ತಕ ಮುಚ್ಚುವ ಅಭ್ಯಾಸ ಸರಿ ಇತ್ತಲ್ವಾ ಅಂತ ಖುಷಿಯಾಯಿತು.

ಆಫೀಸಿನಲ್ಲಿ ಕಲಿತದ್ದು ಬೇರೆ ಪಾಠ. ಪೆಟ್ರೋಲ್ ಬಿಲ್, ಹೋಟೆಲ್ ಬಿಲ್‌ಗಳ ಮೊತ್ತಕ್ಕೆಲ್ಲ ಹಳದಿ ಹಚ್ಚಿ ಫೈಲ್‌ಗೆ ಹಾಕಿದ್ದೆ. ಕೆಲವು ತಿಂಗಳ ನಂತರ ಆಡಿಟ್‌ಗೆ ತೆಗೆದರೆ ಹಚ್ಚಿದ ಕಡೆಯೇ ಅಂಕಿ ಮಸುಕು! ಹೋಟೆಲಿನ ಹೆಸರು, ವಿಳಾಸ ಎಲ್ಲ ಸ್ಪಷ್ಟ, ಬೇಕಾದ ಮೊತ್ತ ಮಾತ್ರ ಇಲ್ಲ. ಕೈ ನಡುಗಿತು. ಅವು ಥರ್ಮಲ್ ಕಾಗದದ ಬಿಲ್‌ಗಳು. ಅಲ್ಲಿ ಇಂಕ್ ಇರುವುದಿಲ್ಲ, ಕಾಗದದ ಮೇಲಿನ ಲೇಪ ಬಿಸಿ ತಾಗಿ ಕಪ್ಪಾಗುತ್ತದೆ. ಪೆನ್ನಿನ ದ್ರವ ಆ ಲೇಪವನ್ನು ಕೆಡಿಸಬಹುದು. ಒಂದೊಂದು ಬಿಲ್‌ಗೂ ಫೋನ್ ಮಾಡಿ ನಕಲು ತರಿಸಿಕೊಳ್ಳಬೇಕಾಯಿತು.

ಈಗ ಬಿಲ್ ಬಂದ ದಿನವೇ ಝೆರಾಕ್ಸ್, ಗುರುತು ಅದರ ಮೇಲೆ. ಹಳದಿ ಅಂದರೆ ಲೆಕ್ಕ ತಾಳೆಯಾಗಿದೆ, ಗುಲಾಬಿ ಅಂದರೆ ಕೇಳಬೇಕು. ಮತ್ತೆ ಪ್ರತಿ ತೆಗೆಯುವ ಹಾಳೆಯಾದರೆ ಹಳದಿಯೇ ವಾಸಿ. ಕಪ್ಪು ಬಿಳುಪು ಝೆರಾಕ್ಸ್‌ನಲ್ಲಿ ಅದು ಹೆಚ್ಚಾಗಿ ಕಾಣುವುದೇ ಇಲ್ಲ, ನೀಲಿ ಹಚ್ಚಿದರೆ ಅಕ್ಷರದ ಮೇಲೆ ಮಬ್ಬು ಪಟ್ಟಿ ಬರುತ್ತದೆ. ಮೂಲ ಬಿಲ್ಲನ್ನು ಬಿಸಿಲು ತಾಗದ ಲಕೋಟೆಯಲ್ಲಿ ಇಡುತ್ತೇನೆ. ಅದರ ಮೇಲೆ ನನ್ನದು ಒಂದು ಚುಕ್ಕೆಯೂ ಇಲ್ಲ.